ನಾಲ್ಕು ತಾಯಿ, ಹತ್ತು ಲಕ್ಷ ಮರಿ

ಆಗಸ್ಟ್ ಕೊನೆಯ ಲಕ್ಕವಳ್ಳಿಯಲ್ಲಿ ಮಾತೆಲ್ಲ ಅಡಿ ಲೆಕ್ಕದ್ದು. ಹೋಟೆಲಿನ ಬೆಂಚಿನ ಮೇಲೆ ಚಹಾ ಹಿಡಿದು ಕೂತವರು ಮಳೆ ಹೇಗಿದೆ ಎಂದು ಕೇಳುವುದಿಲ್ಲ, “ಇವತ್ತೆಷ್ಟು?” ಎನ್ನುತ್ತಾರೆ. “ನೂರಾ ಎಂಬತ್ಮೂರು ಚಿಲ್ರೆ” ಎಂಬ ಉತ್ತರ ಬರುತ್ತದೆ. ಯಾವುದು, ಎಲ್ಲಿ ಎಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇಲ್ಲ. 186 ಅಡಿ ಮುಟ್ಟಿದರೆ ಭದ್ರಾ ಜಲಾಶಯ ತುಂಬಿತು. 71.5 ಟಿಎಂಸಿ ನೀರು ನಿಂತಿತು, ದಾವಣಗೆರೆ ಕಡೆಯ ಗದ್ದೆಯವರಿಗೆ ಉಸಿರು ಬಂತು. ಊರಿನಿಂದ ಅಣೆಕಟ್ಟೆಯತ್ತ ಹೊರಟರೆ ಅಡಿಕೆ ತೋಟ ಮುಗಿದು ಗುಡ್ಡದ ಹಸಿರು ಶುರುವಾಗುವಲ್ಲಿ ರಸ್ತೆ ಒದ್ದೆಯಾಗಿಯೇ ಇರುತ್ತದೆ. ಸಾಗುವಾನಿ ಮರಗಳ ಅಗಲ ಎಲೆಯಿಂದ ಮಳೆ ನಿಂತ ಮೇಲೂ ಅರ್ಧ ಗಂಟೆ ಹನಿ ಬೀಳುತ್ತದೆ. ತಿರುವು ದಾಟಿದ ಕೂಡಲೇ ಗೋಡೆ ಕಾಣುತ್ತದೆ. 1947ರಲ್ಲಿ ಕೆಲಸ ಹಿಡಿದು 1965ರ ಹೊತ್ತಿಗೆ ಮುಗಿಸಿದ, 59 ಮೀಟರ್ ಎತ್ತರದ, 1,708 ಮೀಟರ್ ಉದ್ದದ ಕಟ್ಟೆ. ಅದರ ಹಿಂದೆ ಕಾಡಿನ ಕಾಲಬುಡದವರೆಗೂ ನೀರು. ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆಯಿಟ್ಟು ಗಲಾಟೆಯೆಬ್ಬಿಸುವ ನಡುಗಡ್ಡೆಗಳೆಲ್ಲ ಈಗ ಅದರಡಿಯಲ್ಲಿ ಮುಳುಗಿವೆ.

ಮೀನು ಮಾರುವವನು ರಸ್ತೆಯ ಅಂಚಿನಲ್ಲಿ ನೀಲಿ ಟಾರ್ಪಾಲು ಕಟ್ಟಿಕೊಂಡಿದ್ದಾನೆ. ಅವನ ಎಡಕ್ಕೆ ಥರ್ಮೋಕೋಲ್ ಪೆಟ್ಟಿಗೆ, ಬಲಕ್ಕೆ ಗೋಣಿಯ ಮೇಲೆ ಹಾಸಿದ ಹಸಿಮೀನು. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ.

“ಅಣ್ಣಾ, ಡ್ಯಾಮಿಂದಾ, ಸಮುದ್ರದ್ದಾ?”

“ಗೋಣಿ ಮೇಲಿರೋದು ಡ್ಯಾಮಿಂದು. ಪೆಟ್ಟಿಗೇಲಿರೋದು ಮಂಗ್ಳೂರಿಂದ ರಾತ್ರಿ ಬಂದದ್ದು. ಎರಡೂ ತಾಜಾನೇ ನೋಡಿ.”

ಹೇಳುತ್ತಲೇ ಅವನು ಮೂರು ಕಿಲೋ ತೂಗುವ ಕಾಟ್ಲವೊಂದರ ಕಿವಿರು ಎತ್ತಿ ತೋರಿಸುತ್ತಾನೆ. ಕೆಂಪಗಿದೆ. ದೇಹಕ್ಕೆ ಹೊಂದದಷ್ಟು ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ, ಅಂಗೈಯಗಲದ ಬಾಲ. ಪಕ್ಕದಲ್ಲಿ ರೋಹು, ಮೃಗಾಲ್, ಗೆಂಡೆ, ಮೂಲೆಗೆ ತಳ್ಳಿದ ಒಂದು ರಾಶಿ ಜಿಲೇಬಿ ಮೀನು. ಪೆಟ್ಟಿಗೆಯ ಪುಡಿ ಐಸಿನೊಳಗೆ ಗೇಣಿಗಿಂತ ಚಿಕ್ಕದಾದ, ಬೆನ್ನು ನೀಲಿ, ಹೊಟ್ಟೆ ಬೆಳ್ಳಿಯ ಬೂತಾಯಿಗಳು. ಕುಂದಾಪುರದವರಿಗೆ ಅದು ಬೈಗೆ, ಕಾರವಾರದವರಿಗೆ ತಾರ್ಲಿ, ಕಾಸರಗೋಡು ದಾಟಿದರೆ ಮತ್ತಿ. ಗಿರಾಕಿಗಳ ಲೆಕ್ಕಾಚಾರ ಮುಳ್ಳು, ರುಚಿ, ದರದಲ್ಲಿ ಮುಗಿಯುತ್ತದೆ. ಈ ಎರಡು ರಾಶಿಯ ನಡುವೆ ಅದಕ್ಕಿಂತ ದೊಡ್ಡದೊಂದು ವ್ಯತ್ಯಾಸವಿದೆ. ಅದು ಕಿವಿರೆತ್ತಿದರೆ ಕಾಣುವಂಥದಲ್ಲ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಕತ್ತರಿಸಿ, ಆಲ್ಕೋಹಾಲಿನ ಶೀಶೆಗೆ ಹಾಕಿ, ಡಿಎನ್‌ಎ ಓದಿದರೆ ಗೊತ್ತಾಗುತ್ತದೆ: ಈ ರಾಶಿಗೆ ತಾಯಿ ತಂದೆ ಎಷ್ಟು ಮಂದಿ?

ಸಮುದ್ರದ ಕಡೆಯಿಂದಲೇ ಹೊರಡೋಣ. ಲಕ್ಕವಳ್ಳಿಯಿಂದ ಸಮುದ್ರ ದೂರವೆಂದು ಅನಿಸಬಹುದು, ಆದರೆ ಈ ನೀರಿಗೂ ಆ ನೀರಿಗೂ ತವರು ಒಂದೇ. ಕುದುರೆಮುಖದ ಗಂಗಾಮೂಲದ ಆಸುಪಾಸಿನ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಪೂರ್ವಕ್ಕಿಳಿದರೆ ಭದ್ರೆಯಾಗಿ ಕಳಸ, ಬಾಳೆಹೊನ್ನೂರು ದಾಟಿ ಇಲ್ಲಿಗೆ ಬರುತ್ತದೆ. ಪಶ್ಚಿಮಕ್ಕಿಳಿದದ್ದು ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಮಳೆ ತಂದ ಗಾಳಿಯೂ ಒಂದೇ. ಆ ಮುಂಗಾರು ಗಾಳಿ ಕರಾವಳಿಯ ಗುಂಟ ತುಸು ಉತ್ತರದಿಂದ ದಕ್ಷಿಣಕ್ಕೆ ವಾಲಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧ ಗೋಳದಲ್ಲಿ ಗಾಳಿಯ ಒತ್ತಿಗೆ ಸಿಕ್ಕ ಮೇಲ್ನೀರು ಬಲಕ್ಕೆ, ಅಂದರೆ ನಮ್ಮಲ್ಲಿ ದಡದಿಂದ ಆಚೆಗೆ, ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ನೀರು ಏರಿ ಬರುತ್ತದೆ. ತಣ್ಣಗಿನ ನೀರು, ಆಮ್ಲಜನಕ ಕಮ್ಮಿ, ಪೋಷಕಾಂಶ ಹೇರಳ. ಕನ್ಯಾಕುಮಾರಿ ಕಡೆ ಮೇ-ಜೂನ್‌ನಲ್ಲಿ ಶುರುವಾಗುವ ಈ ಏರುನೀರು ಮಳೆಗಾಲ ಮುಂದುವರಿದಂತೆ ಕೇರಳ, ಕರ್ನಾಟಕದ ಕಡೆ ಸಾಗಿ ಸೆಪ್ಟೆಂಬರಿನ ತನಕ ಇರುತ್ತದೆ. ಇಲ್ಲಿ ಕಟ್ಟೆಯ ಹಿಂದೆ ನೀರು ಅಡಿ ಅಡಿಯಾಗಿ ಏರುವ ದಿನಗಳಲ್ಲೇ ಮಲ್ಪೆ, ಗಂಗೊಳ್ಳಿಗಳ ಎದುರಿನ ಸಮುದ್ರದಲ್ಲೂ ತಳದ ನೀರು ಮೇಲೇಳುತ್ತಿರುತ್ತದೆ. ಆ ನೀರಿಗೆ ಬಿಸಿಲು ತಾಕಿದರೆ ಕಣ್ಣಿಗೆ ಕಾಣದ ಡಯಾಟಮ್ ಪಾಚಿ ಹುಟ್ಟಿ ಕಡಲ ಬಣ್ಣವೇ ಬದಲಾಗುತ್ತದೆ. ಬೂತಾಯಿಯ ಮುಖ್ಯ ಊಟ ಇದೇ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು, ಮಳೆ ಹಿಂದಾಗುವ ಹೊತ್ತಿಗೆ ಕೊಬ್ಬು ಕಟ್ಟಿಕೊಂಡು, ಕಾವಲಿಯ ಮೇಲೆ ಹಾಕಿದರೆ ತನ್ನ ಎಣ್ಣೆಯಲ್ಲೇ ತಾನು ಬೇಯುವಂಥ ಮೀನು ಅದು.

ಇಂಥ ಏರುನೀರಿನ ಕಡಲುಗಳು ಜಗತ್ತಿನಲ್ಲಿ ಕೆಲವೇ ಇವೆ. ಕ್ಯಾಲಿಫೋರ್ನಿಯಾದ ಎದುರು, ಪೆರು-ಚಿಲಿಯ ಎದುರು, ನಮೀಬಿಯಾ-ದಕ್ಷಿಣ ಆಫ್ರಿಕಾದ ಎದುರು. ಅಲ್ಲೆಲ್ಲ ಪಾಚಿಯನ್ನು ಮೇದು ದೊಡ್ಡ ಮೀನಿಗೂ ತಿಮಿಂಗಿಲಕ್ಕೂ ದಾಟಿಸುವ ಮುಖ್ಯ ಜೀವಿಗಳಲ್ಲಿ ಕ್ರಿಲ್ ಒಂದು. ನೋಡಲು ಸಿಗಡಿಯ ಮರಿಯಂತೆ, ಮೈ ಪಾರದರ್ಶಕ, ಹೊಟ್ಟೆಯ ಕೆಳಗೆ ಮಿನುಗುವ ಬೆಳಕಿನ ಚುಕ್ಕೆಗಳು. 86 ಪ್ರಭೇದಗಳಿವೆ, ಅರಬ್ಬಿ ಸಮುದ್ರದಲ್ಲೂ ಕೆಲವಿವೆ. ನಮ್ಮ ಸಂತೆಯ ಒಣಸಿಗಡಿ ಬೇರೆ ಬಳಗದ್ದು, ಅದನ್ನು ಕ್ರಿಲ್ ಎನ್ನಬಾರದು. ಅಂಟಾರ್ಕ್ಟಿಕದ ಕ್ರಿಲ್ ಬೆರಳುದ್ದ ಬೆಳೆಯುತ್ತದೆ, ಒಟ್ಟು ತೂಕ ಹಾಕಿದರೆ ಕೋಟ್ಯಂತರ ಟನ್. 2023ರಲ್ಲಿ ಅದರ ಜೀನೋಮ್ ಓದಿ ಮುಗಿಸಿದಾಗ 4,800 ಕೋಟಿ ಅಕ್ಷರಗಳಿದ್ದವು. ಮನುಷ್ಯನದು ಸುಮಾರು 300 ಕೋಟಿ. ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ದೊಡ್ಡ ಪುಸ್ತಕ ಯಾಕೆ ಎಂದು ಕೇಳಿದರೆ, ಬಹುಪಾಲು ಒಂದೇ ಪುಟವನ್ನು ಮತ್ತೆ ಮತ್ತೆ ನಕಲು ಮಾಡಿಕೊಂಡದ್ದು. ಅದೇ ಅಧ್ಯಯನದಲ್ಲಿ ದಕ್ಷಿಣ ಸಾಗರದ ನಾಲ್ಕು ಕಡೆಗಳಿಂದ ತಂದ 75 ಕ್ರಿಲ್‌ಗಳನ್ನು ಹೋಲಿಸಿ ನೋಡಿದರು. ಸಾವಿರಾರು ಕಿಲೋಮೀಟರ್ ದೂರದವು ಬೇರೆ ಬೇರೆ ಬುಡಕಟ್ಟಾಗಿರಲಿಲ್ಲ. ಪ್ರವಾಹಗಳು ಅವನ್ನೆಲ್ಲ ಕಲಸಿ ಒಂದೇ ಮಾಡಿಟ್ಟಿದ್ದವು. ಅಲ್ಲಲ್ಲಿನ ಬೆಳಕಿಗೆ, ಚಳಿಗೆ ಒಗ್ಗಿಕೊಂಡ ಕೆಲವು ಜೀನ್‌ಗಳಲ್ಲಷ್ಟೇ ಊರಿನ ಗುರುತು ಉಳಿದಿತ್ತು.

ಏರುನೀರಿನ ಕ್ರಿಲ್‌ನ ಕಷ್ಟ ಬೇರೆ. ಅಲ್ಲಿ ಮೇಲ್ನೀರು ಸದಾ ದಡದಿಂದ ದೂರ ಓಡುತ್ತಿರುತ್ತದೆ, ಆಳದ ನೀರು ದಡದ ಕಡೆ ಬರುತ್ತಿರುತ್ತದೆ. ಕ್ರಿಲ್ ರಾತ್ರಿ ಮೇಲೆ ಬಂದು ಮೇಯುತ್ತದೆ, ಹಗಲು ಆಳಕ್ಕಿಳಿಯುತ್ತದೆ. ಮೇಲಿದ್ದಾಗ ಆಚೆ ಹೋದಷ್ಟನ್ನು ಕೆಳಗಿದ್ದಾಗ ಈಚೆ ಬಂದು ಸರಿದೂಗಿಸಿಕೊಳ್ಳುತ್ತದೆ. ಬಲಿತದ್ದಕ್ಕೆ ಈ ಉಪಾಯ ಸಾಧ್ಯ. ಮೊಟ್ಟೆಗೆ, ಆಗತಾನೇ ಒಡೆದ ಮರಿಗೆ ಈಜುವ ತಾಕತ್ತಿಲ್ಲ. ನೀರು ಒಯ್ದತ್ತ ಹೋಗಬೇಕು. ಗಾಳಿ ಜೋರಾದ ವಾರದಲ್ಲಿ ಹುಟ್ಟಿದವು ನಡುಗಡಲಿಗೆ ಹೋಗಿ ಊಟವಿಲ್ಲದೆ ಸಾಯುತ್ತವೆ. ಗಾಳಿ ತುಸು ಇಳಿದ, ಪಾಚಿ ದಟ್ಟವಾದ ಎರಡು ದಿನಗಳಲ್ಲಿ ಹುಟ್ಟಿದವು ಬದುಕುತ್ತವೆ. ಹೀಗಾಗಿ ಕೋಟಿಗಟ್ಟಲೆ ತಾಯಂದಿರು ಮೊಟ್ಟೆಯಿಟ್ಟರೂ ಮುಂದಿನ ಪೀಳಿಗೆಗೆ ಹೆಸರು ಉಳಿಸುವವರು ಅದೃಷ್ಟವಿದ್ದ ಕೆಲವರೇ ಆಗಬಹುದು. ಅಮೆರಿಕದ ಡೆನ್ನಿಸ್ ಹೆಡ್ಜ್‌ಕಾಕ್ 1994ರಲ್ಲಿ ಇದಕ್ಕೆ ಲಾಟರಿಯ ಹೆಸರನ್ನೇ ಇಟ್ಟರು. ಲಕ್ಷಗಟ್ಟಲೆ ಮೊಟ್ಟೆಯಿಟ್ಟು ನೀರಿಗೆ ಬಿಡುವ ಕಡಲ ಜೀವಿಗಳಲ್ಲಿ ಕಣ್ಣೆದುರಿನ ಸಂಖ್ಯೆಗೂ ವಂಶ ಬೆಳೆಸಿದವರ ಸಂಖ್ಯೆಗೂ ಅಜಗಜಾಂತರ ಎಂಬುದು ಅವರ ವಾದ.

ಬೂತಾಯಿಯ ವಂಶಾವಳಿ ಓದುವವರು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. 2023ರಲ್ಲಿ ಇದರ ಪೂರ್ತಿ ಜೀನೋಮ್ ಪ್ರಕಟಿಸಿದರು, ನೂರು ಕೋಟಿ ಅಕ್ಷರಕ್ಕೆ ತುಸು ಜಾಸ್ತಿ. ಕ್ರಿಲ್‌ನದಕ್ಕೆ ಹೋಲಿಸಿದರೆ ಕಿರುಹೊತ್ತಿಗೆ. ನಮ್ಮ ಬದಿಯ ಬೂತಾಯಿಗೂ ಓಮಾನ್ ಕಡೆಯದಕ್ಕೂ ವ್ಯತ್ಯಾಸ ಕಂಡಿದೆ. ಗಂಗೊಳ್ಳಿಯ ಬೈಗೆ, ಕೊಚ್ಚಿಯ ಮತ್ತಿ ಮಾತ್ರ ಹೆಸರಿನಲ್ಲಿ ಬೇರೆ, ನೆತ್ತರಿನಲ್ಲಿ ಹತ್ತಿರದ ನೆಂಟರು. ಈ ಮೀನಿನ ಏರಿಳಿತವೂ ವಿಪರೀತ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು 2021ಕ್ಕೆ 3,297 ಟನ್‌ಗೆ ಇಳಿಯಿತು. ಮುಂದೆ ಮತ್ತೆ ಬಂತು. ಹೋದದ್ದು ಹೇಗೆ ಬಂತು ಎಂದರೆ, ಉಳಿದ ಸ್ವಲ್ಪದರಲ್ಲೇ ಬೇಕಾದಷ್ಟು ಬಗೆಯ ತಾಯಿ ತಂದೆಯರಿದ್ದಿರಬೇಕು ಎಂಬುದು ನನ್ನ ಊಹೆ.

ಈಗ ಬಲಗಡೆಯ ಗೋಣಿಗೆ ಬರೋಣ.

ಕಾಟ್ಲ, ರೋಹು, ಮೃಗಾಲ್ ಭದ್ರೆಯ ಮಕ್ಕಳಲ್ಲ. ಮೂರೂ ಗಂಗೆ-ಬ್ರಹ್ಮಪುತ್ರೆಗಳ ಬಯಲಿನ ದೊಡ್ಡ ಹೊಳೆಗಳಿಂದ ಬಂದವು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಮೊಟ್ಟೆ ಮಾತ್ರ ಇಡುವುದಿಲ್ಲ. ಅದಕ್ಕೆ ಮಳೆಗಾಲದ ಹರಿವ ನೀರೇ ಬೇಕು. ಒಂದು ಕಾಲದಲ್ಲಿ ಬಂಗಾಳದ ಹೊಳೆಗಳಲ್ಲಿ ಗೋರಿದ ಮರಿಗಳು ದೇಶದ ಬೇರೆ ಮೂಲೆಗಳಿಗೆ ರೈಲಿನಲ್ಲಿ ಹೋಗುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ಮೊಟ್ಟೆಯಿಡಿಸಿದ ಮೇಲೆ ಎಲ್ಲ ಬದಲಾಯಿತು. ಮೀನು ಕೃಷಿಕರ ದಿನವೆಂದು ಈಗಲೂ ಆಚರಿಸುವುದು ಆ ತಾರೀಕನ್ನೇ. ಅಣೆಕಟ್ಟೆಯ ಬದಿಯ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಸರ್ಕಾರದ ಮೀನುಮರಿ ಕೇಂದ್ರವಿದೆ. ರಾಜ್ಯದ ಉದ್ದಗಲಕ್ಕೂ ಇಂಥವಿವೆ, ಖಾಸಗಿಯವೂ ಸಾಕಷ್ಟು.

ಮರಿ ಮಾಡಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಜೂನ್-ಜುಲೈಯ ಮೋಡ ಮುಚ್ಚಿದ ದಿನ ಆರಿಸಿಕೊಳ್ಳುತ್ತಾರೆ. ಹಿಂದಿನಿಂದ ಬಲೆ ಎಳೆದು ತಳಿಮೀನುಗಳನ್ನು ಮೂಲೆಗೆ ತರುತ್ತಾರೆ. ಹೆಣ್ಣಿನ ಹೊಟ್ಟೆ ಮುಟ್ಟಿದರೆ ಮೆತ್ತಗೆ, ಗಂಡಿನ ಹೊಟ್ಟೆ ಒತ್ತಿದರೆ ಹಾಲಿನಂಥ ಬಿಳಿ ದ್ರವ ಜಿನುಗುತ್ತದೆ. ಗಂಡಿನ ಎದೆರೆಕ್ಕೆಯ ಒಳಮೈ ಅರದ ಹಾಗೆ ದೊರಗು, ಹೆಣ್ಣಿನದು ನಯ. ಒಬ್ಬ ಒದ್ದೆಬಟ್ಟೆಯಲ್ಲಿ ಮೀನನ್ನು ಅವುಚಿ ಹಿಡಿಯುತ್ತಾನೆ, ಇನ್ನೊಬ್ಬ ಹುರುಪೆಯ ಸಂದಿನಲ್ಲಿ ಸೂಜಿ ಹಾಕುತ್ತಾನೆ. ಆಮೇಲೆ ದುಂಡಗಿನ ಸಿಮೆಂಟ್ ತೊಟ್ಟಿ, ಸುತ್ತಲಿನ ಕೊಳವೆಗಳಿಂದ ನೀರು ಓರೆಯಾಗಿ ಚಿಮ್ಮಿ ತೊಟ್ಟಿಯಲ್ಲೊಂದು ಹೊಳೆಯೇ ಸುತ್ತುತ್ತದೆ. ಮೇಲಿನಿಂದ ಮಳೆಯಂತೆ ಸಿಂಪಡಿಕೆ. ಮೀನು ನಂಬುತ್ತದೆ. ನಡುರಾತ್ರಿಯ ಹೊತ್ತಿಗೆ ನೀರು ಕಲಕಿ ಬಾಲಗಳು ಬಡಿಯತೊಡಗುತ್ತವೆ. ಬೆಳಗ್ಗೆ ನೋಡಿದರೆ ತೊಟ್ಟಿಯ ತುಂಬ ನೆನೆದ ಸಬ್ಬಕ್ಕಿಯಂಥ ಮೊಟ್ಟೆ. ಹದಿನೈದು ಗಂಟೆ ಆಚೀಚೆ ಅವು ಒಡೆಯುತ್ತವೆ. ಕಣ್ಣೆರಡು ಚುಕ್ಕೆ, ಬಾಲವೊಂದು ಗೀಟು, ಅಷ್ಟೇ ಮೀನು.

ರೋಹುವಿನ ಹೆಣ್ಣು ತನ್ನ ತೂಕದ ಪ್ರತಿ ಕಿಲೋಗೆ ಎರಡು ಲಕ್ಷದ ಮೇಲೆ ಮೊಟ್ಟೆಯಿಡುತ್ತದೆ. ಎರಡು ಕಿಲೋದ ನಾಲ್ಕು ತಾಯಿ ಸಿಕ್ಕರೆ ಹತ್ತು ಲಕ್ಷ ಮರಿಗೇನೂ ಮೋಸವಿಲ್ಲ. ನಾಲ್ಕು ಸಾಕಾಗುವಾಗ ನಲವತ್ತನ್ನು ಯಾರು ಸಾಕುತ್ತಾರೆ? ತಳಿಮೀನಿಗೆ ಕೊಳ ಬೇಕು, ಹಿಂಡಿ-ತೌಡು ಬೇಕು, ವರ್ಷವಿಡೀ ಕಾಯಬೇಕು. ಹಾಗಾಗಿ ಈ ವರ್ಷದ ಮರಿಗಳಲ್ಲೇ ಕೆಲವನ್ನು ಉಳಿಸಿಕೊಂಡು ಮುಂದೆ ಅವುಗಳಿಂದಲೇ ಮರಿ ಮಾಡಿಸುವುದು. ಅಕ್ಕನಿಗೆ ತಮ್ಮ, ತಂದೆಗೆ ಮಗಳು. ಯಾರೂ ಬೇಕೆಂದು ಮಾಡುವುದಲ್ಲ, ಮುಖ ನೋಡಿ ನೆಂಟಸ್ತನ ಹೇಳುವಂತಿದ್ದರೆ ತಾನೆ?

1980ರ ದಶಕದಲ್ಲಿ ಅಂಬೇಕರ್ ಏಕನಾಥ್ ಮತ್ತು ಕೆನಡಾದ ರೋಜರ್ ಡಾಯ್ಲ್ ಇದರ ಲೆಕ್ಕ ಹಿಡಿದರು. ಆರಿಸಿಕೊಂಡದ್ದು ನಮ್ಮ ಕರ್ನಾಟಕದ ಮೀನುಮರಿ ಕೇಂದ್ರಗಳನ್ನೇ. ಎಷ್ಟು ಗಂಡು, ಎಷ್ಟು ಹೆಣ್ಣು ಬಳಸುತ್ತಾರೆ, ತಳಿಮೀನು ಎಲ್ಲಿಂದ ಬಂತು, ಯಾವುದನ್ನು ಉಳಿಸಿಕೊಳ್ಳುತ್ತಾರೆ ಎಂದು ವಿಚಾರಿಸಿ, 1990ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಪ್ರತಿ ಪೀಳಿಗೆಗೆ ರಕ್ತಸಂಬಂಧದ ಬೆರಕೆ ಶೇ 2ರಿಂದ ಶೇ 17ರಷ್ಟು ಏರುತ್ತಿದೆ. ಅಂಕಿಯ ಒಳಗೇನಿದೆ ಎಂದು ಬಿಡಿಸುವುದು ಕಷ್ಟವಲ್ಲ. ಸಮಸಮ ಗಂಡು-ಹೆಣ್ಣಿದ್ದಾಗ ಒಂದನ್ನು ತಾಯ್ತಂದೆಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಆ ಪೀಳಿಗೆಯ ಏರಿಕೆ ಸಿಗುತ್ತದೆ. ಇಪ್ಪತ್ತೈದು ಮೀನಿದ್ದರೆ ಶೇ 2. ಶೇ 17 ಬರಬೇಕಾದರೆ ಮೂರೇ ಮೀನು. ಕೊಳದಲ್ಲಿ ನೂರಾರು ತಳಿಮೀನು ಈಜುತ್ತಿದ್ದರೂ ಸರಿ, ಜೀನ್‌ಗಳ ಲೆಕ್ಕದಲ್ಲಿ ಅಲ್ಲಿರುವುದು ಮೂರು. ಬೆಳವಣಿಗೆ ಕುಂಠಿತವಾಗುವುದು, ಬಾಲ ಸೊಟ್ಟಗಾಗುವುದು, ರೋಗದ ಒಂದೇ ಹೊಡೆತಕ್ಕೆ ಎಲ್ಲ ಮಲಗುವುದು ಇದರ ಮುಂದಿನ ಅಧ್ಯಾಯಗಳು. ಒಂದೇ ತೊಟ್ಟಿಯಲ್ಲಿ ಕಾಟ್ಲ, ರೋಹು ಎರಡನ್ನೂ ಬಿಟ್ಟು ಹುಟ್ಟಿದ ಬೆರಕೆ ಮರಿಗಳ ತಾಪತ್ರಯ ಬೇರೆ.

ಇಲ್ಲೇ ನನಗೆ ತೊಟ್ಟಿಗೂ ಕಡಲಿಗೂ ನೆಂಟಸ್ತನ ಕಾಣುವುದು. ಏರುನೀರಿನಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಸೂಜಿ ಮಾಡುತ್ತದೆ. ಎರಡೂ ಕಡೆ ಕೆಲವೇ ತಾಯಂದಿರ ಮಕ್ಕಳು ನೀರು ತುಂಬುತ್ತಾರೆ. ಆದರೆ ಕಡಲಿನ ಲಾಟರಿ ವರ್ಷ ವರ್ಷ ಹೊಸದು. ಈ ಸಲ ಗೆದ್ದವರು ಮುಂದಿನ ಸಲ ಗೆಲ್ಲಬೇಕೆಂದಿಲ್ಲ, ಸೋತವರ ಬಳಗ ಇನ್ನೆಲ್ಲೋ ಈಜುತ್ತಿರುತ್ತದೆ, ಪ್ರವಾಹ ಅವನ್ನು ತಂದು ಬೆರೆಸುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಗೆದ್ದವರೇ ಮತ್ತೆ ಆಡುತ್ತಾರೆ. ಪ್ರವಾಹದ ಕೆಲಸವನ್ನು ಮನುಷ್ಯನೇ ಮಾಡಬೇಕು. ದೂರದ ಕೇಂದ್ರದಿಂದ ತಳಿಮೀನು ಅದಲುಬದಲು ಮಾಡಿಕೊಳ್ಳುವುದು, ಹೊಳೆಯಿಂದ ಹೊಸ ನೆತ್ತರು ತರುವುದು. ಭುವನೇಶ್ವರದ ಸಿಹಿನೀರು ಮೀನು ಸಂಸ್ಥೆ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರೆಗಳಿಂದ ರೋಹು ತರಿಸಿ ಬೆರೆಸಿ ‘ಜಯಂತಿ’ ತಳಿ ಮಾಡಿದ್ದು ಇದೇ ಲೆಕ್ಕದಲ್ಲಿ. ಜಲಾಶಯಕ್ಕೆ ಇಷ್ಟು ಲಕ್ಷ ಮರಿ ಬಿತ್ತನೆ ಮಾಡಿದೆವು ಎಂದು ಫೋಟೊ ಸಮೇತ ಸುದ್ದಿ ಬರುತ್ತದಲ್ಲ, ಅದರಲ್ಲಿ ಎಷ್ಟು ತಾಯಿಯ ಮರಿ ಎಂಬ ಒಂದು ಸಾಲು ಸೇರಿಸಲು ಹೆಚ್ಚಿನ ಖರ್ಚಿಲ್ಲ.

ಭದ್ರೆಯ ಸ್ವಂತ ಮೀನುಗಳ ಪಾಡು ಇನ್ನೊಂದು ಬಗೆ. ಮುಂಗಾರಿನ ಮೊದಲ ಕೆಂಪು ನೀರಿಗೆ ಮಲೆನಾಡಿನ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಏರುತ್ತದೆ. ಹತ್ತುಮೀನು ಎಂದು ಕೂಣಿಯಿಟ್ಟು ಹಿಡಿಯುವುದು ಹೊಟ್ಟೆ ತುಂಬ ಮೊಟ್ಟೆಯಿರುವ ಅದನ್ನೇ. ಕಟ್ಟೆಯ ಮೇಲಿನವು ಇಂದಿಗೂ ಹಿನ್ನೀರಿನಿಂದ ಕಾಡಿನ ಹಳ್ಳಗಳಿಗೆ ಹತ್ತಬಲ್ಲವು. ಕೆಳಗಿನವಕ್ಕೆ 59 ಮೀಟರ್ ಹತ್ತುವ ಶಕ್ತಿಯಿಲ್ಲ. ಕೆಳಗಿನಿಂದ ಮೇಲಕ್ಕೆ ಮದುವೆ ಸಂಬಂಧ ನಿಂತು ಅರವತ್ತು ವರ್ಷ ದಾಟಿತು. ಬೇರೆ ಹೊಳೆಯ ಮೀನನ್ನು ಪ್ರೀತಿಯಿಂದ ತಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿ ಸಾಕ್ಷಿ. ಲೋನಾವಳದಲ್ಲಿ ಮರಿ ಮಾಡಿಸಿದ, ಕೃಷ್ಣಾ ಕೊಳ್ಳದ ಮಹಶೀರ್ ಅಲ್ಲಿ ಹರಡಿಕೊಂಡಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮೂಲೆಗುಂಪಾಯಿತು. ಅದಕ್ಕೆ ಟಾರ್ ರೆಮಾದೇವಿ ಎಂಬ ಸರಿಯಾದ ಹೆಸರು ಗೊತ್ತಾದದ್ದೇ 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಮೂಲೆಯ ಜಿಲೇಬಿ ರಾಶಿ ನಮ್ಮನ್ನು ನೋಡಿ ನಗುತ್ತದೆ. ಮೊಸಾಂಬಿಕ್ ತಿಲಾಪಿಯ. 1939ರಲ್ಲಿ ಜಾವಾ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಮುಜೈರ್ ಎಂಬುವರಿಗೆ ಸಿಕ್ಕದ್ದು ಐದು ಮೀನು. ಏಷ್ಯಾದ ಕೆರೆಕುಂಟೆಗಳನ್ನು ತುಂಬಿದ ಸಂತತಿ ಬಹುಮಟ್ಟಿಗೆ ಆ ಐದರದ್ದೆಂದು ಮೀನುವಿಜ್ಞಾನಿಗಳ ಎಣಿಕೆ. ಇಂಡೊನೇಷ್ಯಾದಲ್ಲಿ ಮೀನಿಗೆ ಅವರ ಹೆಸರೇ ನಿಂತಿದೆ. 1952ರಲ್ಲಿ ಶ್ರೀಲಂಕಾದಿಂದ ಭಾರತಕ್ಕೆ ಬಂತು. ಇಷ್ಟು ಬಡ ವಂಶಾವಳಿಯಿದ್ದೂ ಅದು ಕರ್ನಾಟಕದಲ್ಲಿ ಕಾಲಿಡದ ಕೆರೆಯಿಲ್ಲ. ಬಾಯೊಳಗೇ ಮರಿ ಕಾಪಾಡಿಕೊಳ್ಳುವ ತಾಯಿಗೆ ಲಾಟರಿಯ ಹಂಗಿಲ್ಲ. ಬೆಲೆ ತೆತ್ತದ್ದು ಗಾತ್ರದಲ್ಲಿ: ಕೆರೆ ತುಂಬ ಮೀನು, ಒಂದೂ ಅಂಗೈ ದಾಟುವುದಿಲ್ಲ.

ಇದಕ್ಕೆ ಪರಿಹಾರವೆಂದು 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಗಿಫ್ಟ್ ಎಂಬ ಯೋಜನೆ ಶುರುವಾಯಿತು. ಜಿಲೇಬಿಯ ಹತ್ತಿರದ ನೆಂಟ ನೈಲ್ ತಿಲಾಪಿಯವನ್ನು ಈಜಿಪ್ಟ್, ಘಾನಾ, ಕೆನ್ಯಾ, ಸೆನೆಗಲ್‌ಗಳಿಂದ ಹೊಸದಾಗಿ ತಂದು, ಏಷ್ಯಾದ ಸಾಕು ತಳಿಗಳೊಂದಿಗೆ ಬೆರೆಸಿ, ಪೀಳಿಗೆ ಪೀಳಿಗೆಗೂ ನೆಂಟಸ್ತನದ ಲೆಕ್ಕವಿಟ್ಟು ಬೆಳೆಸಿದರು. ಆ ತಂಡದ ಮುಂಚೂಣಿಯಲ್ಲಿದ್ದವರು ಕರ್ನಾಟಕದ ತೊಟ್ಟಿಗಳಲ್ಲಿ ತಾಯ್ತಂದೆ ಎಣಿಸಿದ್ದ ಅದೇ ಏಕನಾಥ್. ಆ ತಳಿ ಈಗ ನಮ್ಮ ಸಾಕಣೆ ಕೊಳಗಳಿಗೂ ಬಂದಿದೆ. ಮೀನು ಮಾರುವವನು ಅರ್ಧ ಕಿಲೋದ ದಪ್ಪ ಮೀನೊಂದನ್ನು ಎಳೆದು ತಕ್ಕಡಿಗೆ ಹಾಕುತ್ತಾನೆ.

“ಇದೂ ಜಿಲೇಬಿನಾ?”

“ಜಿಲೇಬಿನೇ ಅಕ್ಕಾ, ಸಾಕಿದ್ದು. ಮುಳ್ಳು ಕಮ್ಮಿ. ಕೆಜಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಆಗುತ್ತೆ.”